ಕಾಂತರಾಜಣ್ಣ ಬಾಗಿಲ ಹಿಂದೆ ಇಟ್ಟ ಬಂದೂಕು

ನಮ್ಮ ಬೀದಿಯಲ್ಲಿ ಪೂರ್ತಿ ನಿದ್ದೆ ಆದವರು ಯಾರೂ ಇಲ್ಲ. ತಾಂಡವಪುರದಿಂದ ನಂಜನಗೂಡಿನವರೆಗೆ ರಸ್ತೆ ಉದ್ದಕ್ಕೂ ಕಾರ್ಖಾನೆಗಳು. ಒಬ್ಬರು ಶಿಫ್ಟ್ ಮುಗಿಸಿ ಬರೋ ಹೊತ್ತಿಗೆ ಇನ್ನೊಬ್ಬರು ಹೊರಟಿರ್ತಾರೆ. ಮನೆಗೆ ಬಂದವರು ಕೈಲಿದ್ದದ್ದನ್ನ ನಿಂತ ಕಡೆಯೇ ಬಿಟ್ಟು ಮಲಗಿಬಿಡ್ತಾರೆ. ಹೆಲ್ಮೆಟ್ಟು ಜಗಲಿ ಮೇಲೆ, ಊಟದ ಬ್ಯಾಗು ನಡುಮನೆಯಲ್ಲಿ, ಚಪ್ಪಲಿ ಅಲ್ಲೊಂದು ಇಲ್ಲೊಂದು. ಎಲ್ಲರ ಮನೆಯಲ್ಲೂ ಇದೇ ಜಗಳ.

ಕಾಂತರಾಜಣ್ಣನ ಮನೆಯಲ್ಲಿ ಹೀಗೆ ಬಿಟ್ಟದ್ದು ಬಂದೂಕು.

ನಾನು ಕೋಮಲ. ಈ ಊರಿನ ಆಶಾ ಕಾರ್ಯಕರ್ತೆ. ಕಾಂತರಾಜಣ್ಣನ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇದೆ. ಈ ಕಥೆ ಹೇಳೋಕೆ ಅಣ್ಣನನ್ನೂ ಅವರ ಹೆಂಡತಿಯನ್ನೂ ಕೇಳಿದ್ದೀನಿ. "ಹೇಳು ಕೋಮಲ, ಇನ್ಯಾರ ಮನೆಗಾದ್ರೂ ಉಪಯೋಗ ಆಗ್ಲಿ" ಅಂತ ಇಂದ್ರಾಣಿ ಅತ್ತಿಗೆ ಒಪ್ಪಿದಾರೆ.

ಕಾಂತರಾಜಣ್ಣಂಗೆ ಐವತ್ತೊಂದು ವರ್ಷ. ಎ.ಟಿ.ಎಂ.ಗಳಿಗೆ ಹಣ ತುಂಬೋ ವ್ಯಾನಿನಲ್ಲಿ ಗನ್‌ಮ್ಯಾನ್ ಕೆಲಸ. ಸ್ವಂತ ಲೈಸೆನ್ಸು, ಸ್ವಂತ ಬಂದೂಕು ಇದ್ದವರಿಗೇ ಆ ಕೆಲಸ. ಅಣ್ಣ ಎಂಟು ವರ್ಷದ ಹಿಂದೆ ಮೈಸೂರಿನಲ್ಲಿ ಒಂದು ಜೋಡಿ ನಳಿಗೆ ಬಂದೂಕನ್ನ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದರು. ಕೊಂಡದ್ದು ಸರ್ಕಾರದ ಲೈಸೆನ್ಸ್ ಇರೋ ಅಂಗಡಿಯಲ್ಲಿ. ಬಿಲ್ಲು ಇತ್ತು, ಬಂದೂಕಿನ ನಂಬರು ಲೈಸೆನ್ಸ್ ಪುಸ್ತಕದಲ್ಲಿ ಬರೆಸಿತ್ತು, ಅವಧಿ ಮುಗಿಯೋಕೆ ಮುಂಚೆಯೇ ರಿನ್ಯೂವಲ್‌ಗೂ ಹಾಕೋರು. ಕಾಗದದ ವಿಷಯದಲ್ಲಿ ಅಣ್ಣನ ಮೇಲೆ ಒಂದು ಮಾತು ಆಡೋ ಹಾಗಿಲ್ಲ.

ಅತ್ತಿಗೆ ನಂಜನಗೂಡಿನ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ನಿಗೆ ಕೂತಿದ್ದರು. ಒಂದು ದಿನ ನಲ್ಲಿ ಹತ್ತಿರ ಸಿಕ್ಕಿದಾಗ ಹೇಳಿದರು.

"ಕೋಮಲ, ಮೊದ್ಲೆಲ್ಲ ಇವ್ರು ಬಂದ ತಕ್ಷಣ ಗನ್ನ ಬೀರುವಿಗೆ ಹಾಕಿ ಬೀಗ ಹಾಕೋರು. ಈಗ ಬಾಗಿಲ ಹಿಂದೆ ಒರಗಿಸಿ ಬುಟ್ಬುಡ್ತಾರೆ. ನಾನು ಅದರ ಸುತ್ತಲೇ ಕಸ ಗುಡಿಸ್ತೀನಿ. ಮುಟ್ಟಕ್ಕೂ ಭಯ, ಬುಡಕ್ಕೂ ಭಯ."

ಆವತ್ತೇ ಸಂಜೆ ಅಣ್ಣನ ಹತ್ತಿರ ಮಾತಾಡಿದೆ. ಅಣ್ಣ ಜಗಲಿ ಮೇಲೆ ಕೂತು ಕಣ್ಣು ಉಜ್ಜಿಕೊಳ್ತಾ ಇದ್ದರು.

"ಅಣ್ಣಾ, ಗನ್ನು ಬಾಗಿಲ ಹಿಂದೆ ಇರುತ್ತಂತೆ?"

"ನೀನು ಮಕ್ಕಳಿಗೆ ಪೋಲಿಯೋ ಹನಿ ಹಾಕವ್ವ. ನನ್ ಗನ್ನ ನಾನು ನೋಡ್ಕತೀನಿ. ಹತ್ತೊಂಬತ್ತು ವರ್ಷದಿಂದ ಸೆಕ್ಯೂರಿಟಿ ಕೆಲಸದಲ್ಲಿವ್ನಿ, ಒಂದು ದಿನ ಹೆಚ್ಚುಕಮ್ಮಿ ಆಗಿಲ್ಲ."

ನಾನೂ ಸುಮ್ಮನಾದೆ. ನನಗೂ ಆವತ್ತು ನಾಲ್ಕು ಬಾಣಂತಿಯರ ಮನೆ ಸುತ್ತಿ ಸಾಕಾಗಿತ್ತು. ಇನ್ನೊಂದು ಮಾತು ಹೇಳಬೇಕಿತ್ತು ಅಂತ ಈಗ ಅನ್ನಿಸುತ್ತೆ.

ಆ ತಿಂಗಳು ಅಣ್ಣನ ಜೊತೆ ಇದ್ದ ಇನ್ನೊಬ್ಬ ಗನ್‌ಮ್ಯಾನ್ ಕೆಲಸ ಬಿಟ್ಟಿದ್ದ. ಅಣ್ಣಂಗೆ ಡ್ಯೂಟಿ ಮೇಲೆ ಡ್ಯೂಟಿ. ಜುಲೈ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಮನೆಗೆ ಬಂದರು. ಬಂದೂಕನ್ನ ಬಾಗಿಲ ಹಿಂದೆ ಒರಗಿಸಿದರು. ಬೂಟು ಬಿಚ್ಚೋಕೆ ಅಂತ ಗೋಡೆಗೆ ಒರಗಿ ಕೂತವರು, ಒಂದು ಬೂಟು ಕಾಲಲ್ಲೇ ಇರೋ ಹಾಗೆ ನಿದ್ದೆ ಹೋದರು.

ಅತ್ತಿಗೆಗೆ ಏಳೂಮುಕ್ಕಾಲಿಗೆ ಫ್ಯಾಕ್ಟರಿ ಬಸ್ಸು. ಮಳೆನೀರು ಒಳಗೆ ಬಂದಿತ್ತು. ಬಾಗಿಲಲ್ಲಿದ್ದ ಒದ್ದೆ ಗೋಣಿಚೀಲ ಎಳೆದರು. ಅದರ ತುದಿ ಬಂದೂಕಿನ ಹಿಡಿಗೆ ಸಿಕ್ಕಿಕೊಂಡಿತ್ತು. ಬಂದೂಕು ಜಾರಿತು. ನಳಿಗೆ ಹೊಸ್ತಿಲಿಗೆ ಬಡಿಯಿತು, ಅಷ್ಟೇ. ಟ್ರಿಗರ್ ಯಾರೂ ಮುಟ್ಟಲಿಲ್ಲ. ಆದರೂ ಹಾರಿತು.

ನಾನು ಟ್ರಾನ್ಸ್‌ಫಾರ್ಮರ್ ಸಿಡಿಯಿತು ಅಂದುಕೊಂಡೆ. ಆಮೇಲೆ ಅಣ್ಣನ ಕೂಗು ಕೇಳಿಸಿತು. ಓಡಿದೆ.

ಮನೆ ತುಂಬ ಹೊಗೆ. ಗೋಡೆಯ ಬುಡದಲ್ಲಿ ತಟ್ಟೆಯಷ್ಟು ಅಗಲ ಸಿಮೆಂಟು ಕಿತ್ತು ಬಂದಿತ್ತು. ಗುಂಡಿನಲ್ಲಿದ್ದ ಸೀಸದ ಕಾಳುಗಳ ಹೆಚ್ಚಿನ ಪಾಲು ಗೋಡೆಗೆ ಹೋಗಿತ್ತು. ಉಳಿದದ್ದು ಅತ್ತಿಗೆಯ ಎಡಗಾಲಿಗೆ. ಅತ್ತಿಗೆ ಕೂಗಲಿಲ್ಲ. "ಬಸ್ಸು ಓಯ್ತದೆ ಕೋಮಲ" ಅಂದರು. ಏನಾಯ್ತು ಅಂತ ಅವರಿಗೇ ಗೊತ್ತಾಗಿರಲಿಲ್ಲ.

ಅಣ್ಣ ಗಾಯದೊಳಗೆ ಬೆರಳು ಹಾಕಿ ಸೀಸದ ಕಾಳು ತೆಗೆಯೋಕೆ ಹೋದರು. ನಾನು ಕೈ ತಳ್ಳಿದೆ. "ತೆಗೀಬೇಡಿ ಅಣ್ಣಾ, ರಕ್ತ ಜಾಸ್ತಿ ಆಗುತ್ತೆ." ಒಗೆದ ಪಂಚೆ ಮಡಿಸಿ ಗಾಯದ ಮೇಲಿಟ್ಟು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ನೂರೆಂಟಕ್ಕೆ ಫೋನ್ ಮಾಡಿಸಿದೆ. ಆಂಬುಲೆನ್ಸ್ ಬರೋವರೆಗೂ ಒತ್ತಿದ ಕೈ ತೆಗೀಲಿಲ್ಲ. ಬಂದೂಕನ್ನ ಯಾರೂ ಮುಟ್ಟಬೇಡಿ ಅಂದೆ. ಇನ್ನೊಂದು ನಳಿಗೆಯಲ್ಲಿ ಗುಂಡು ಇನ್ನೂ ಇತ್ತು.

ಆಸ್ಪತ್ರೆಯಲ್ಲಿ ಅಣ್ಣನ ಅಣ್ಣ ಗೋವಿಂದಯ್ಯನವರು ಬಂದರು. ಮೊದಲ ಮಾತೇ ಇದು:

"ಲೇ ಕಾಂತ, ಪೊಲೀಸ್ನೋರು ಕೇಳುದ್ರೆ ಕುಕ್ಕರ್ ಸಿಡೀತು ಅಂತ ಏಳ್ಬುಡ್ಲಾ. ಇಲ್ಲಾಂದ್ರೆ ಲೈಸೆನ್ಸು ಓಯ್ತದೆ, ಕೆಲ್ಸಾನೂ ಓಯ್ತದೆ."

ಮಲಗಿದ್ದಲ್ಲಿಂದಲೇ ಅತ್ತಿಗೆ ಅಂದರು: "ಕಾಲಲ್ಲಿರೋ ಸೀಸ ತೆಗೆಯೋ ಡಾಕ್ಟ್ರಿಗೆ ಕುಕ್ಕರ್ ಕಥೆ ಏಳ್ಬೇಕಾ ಭಾವ? ಆಗಿದ್ದು ಆಗಿದ್ದಂಗೇ ಏಳ್ಲಿ ಬುಡಿ."

ಅಣ್ಣ ಇದ್ದದ್ದು ಇದ್ದ ಹಾಗೆ ಹೇಳಿದರು. ಪೊಲೀಸರು ಬಂದು ಬಂದೂಕು, ತೋಟಾ ಎಲ್ಲ ತಗೊಂಡು ಹೋದರು. ತೋಟಾ ಅಂದರೆ ಮದ್ದು, ಸೀಸದ ಕಾಳು ತುಂಬಿದ ಕೆಂಪು ಕೊಳವೆ. ನಿರ್ಲಕ್ಷ್ಯದ ಕೇಸಾಯಿತು. ಕಂಪನಿಯವರು ಬರಬೇಡ ಅಂದರು. ಅತ್ತಿಗೆಯ ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಏಳು ಕಾಳು ತೆಗೆಯೋಕೆ ಆಗಲೇ ಇಲ್ಲ, ಕಾಲೊಳಗೇ ಇವೆ.

ಇದಾಗಿ ಎರಡು ತಿಂಗಳಾಗಿತ್ತು. ಒಂದು ಭಾನುವಾರ ಹೆಮ್ಮರಗಾಲದಿಂದ ಬೆಟ್ಟಸ್ವಾಮಪ್ಪ ಬಂದರು. ಅವರು ಅತ್ತಿಗೆಗೆ ಸೋದರಮಾವ. ಪೊಲೀಸ್ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ, ಅದರಲ್ಲಿ ಮುಕ್ಕಾಲು ಪಾಲು ಬಂದೂಕುಗಳನ್ನ ಇಡೋ ಕೋಣೆಯಲ್ಲೇ ಕಳೆದು ರಿಟೈರ್ ಆದವರು. ಮಂಡಿನೋವು. ಬಸ್ಸಿಳಿದು ನಡೆದು ಬಂದು, ಉಸಿರು ತಗೊಂಡು, ನೀರು ಕುಡಿದು ಕೂತರು. ಅತ್ತಿಗೆ ಕಾಲು ಚಾಚಿಕೊಂಡು ಕಡಲೆಕಾಯಿ ಬಿಡಿಸ್ತಾ ಇದ್ದರು. ಡ್ರೆಸ್ಸಿಂಗ್ ನೋಡೋಕೆ ಅಂತ ನಾನೂ ಅಲ್ಲೇ ಇದ್ದೆ.

ಅಣ್ಣನೇ ಮಾತು ತೆಗೆದರು. "ಸೇಫ್ಟಿ ಹಾಕಿದ್ದೆ ಮಾವ. ಸೇಫ್ಟಿ ಹಾಕಿದ್ರೂ ಹಾರ್ತು ಅಂದ್ರೆ ಹಣೆಬರ ಅಲ್ದೆ ಇನ್ನೇನು?"

"ಸೇಫ್ಟಿ ಟ್ರಿಗರನ್ನ ಮಾತ್ರ ಹಿಡ್ಕತದೆ ಕಣಪ್ಪ" ಅಂದರು ಬೆಟ್ಟಸ್ವಾಮಪ್ಪ. "ಒಳಗಿರೋ ಕೊಕ್ಕೆ ಸವೆದಿದ್ರೆ, ಬಿದ್ದ ಏಟಿಗೆ ಅದೇ ಜಾರ್ಕಂಡು ಗುಂಡು ಹಾರ್ತದೆ. ಅದನ್ನ ಯಾರತ್ರಾದ್ರೂ ರಿಪೇರಿ ಮಾಡ್ಸಿದ್ಯಾ?"

ಅಣ್ಣ ನೆಲ ನೋಡಿದರು. "ಟ್ರಿಗರ್ ಬಿಗಿ ಇತ್ತು. ಬೀಗ ರಿಪೇರಿ ಮಾಡೋನೊಬ್ಬ ಅವ್ನೆ. ಅವನು ಒಳಗೆ ಅರದಲ್ಲಿ ಒಂದಿಷ್ಟು ಉಜ್ಜಿಕೊಟ್ಟ."

"ಮೈಸೂರಿಗೆ ಯಾಕೆ ತಗಂಡೋಗ್ಲಿಲ್ಲ? ಲೈಸೆನ್ಸ್ ಇರೋ ರಿಪೇರಿಯೋರು ಅಲ್ಲಿದ್ರಲ್ಲ?"

"ರಜಾ ಕೊಡ್ಲಿಲ್ಲ ಮಾವ."

ಬೆಟ್ಟಸ್ವಾಮಪ್ಪ ಬೈಯಲಿಲ್ಲ. ಇಷ್ಟು ಕೇಳಿದರು: "ಡ್ಯೂಟಿ ಮುಗಿದ್ಮೇಲೆ ಏನೇನ್ ಮಾಡ್ಬೇಕು ಹೇಳು ನೋಡೋಣ."

ಅಣ್ಣ ಪಾಠ ಒಪ್ಪಿಸೋ ಹಾಗೆ ಹೇಳಿದರು. "ಯಾರೂ ಇಲ್ದಿರೋ ಕಡೆಗೆ ನಳಿಗೆ ತಿರುಗಿಸ್ಬೇಕು. ಟ್ರಿಗರ್ ಹತ್ರ ಬೆರಳು ಹೋಗ್ಬಾರ್ದು. ಗನ್ನ ಮಡಿಚಿ ತೆಗೆದು ಎರಡು ತೋಟಾನೂ ಈಚೆ ತೆಗೀಬೇಕು. ಹಿಂದ್ಗಡೆಯಿಂದ ಎರಡು ನಳಿಗೆನೂ ಕಣ್ಣಲ್ಲಿ ನೋಡ್ಬೇಕು, ಬೆರಳು ಹಾಕಿ ನೋಡ್ಬೇಕು. ಗನ್ನು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಮಳೇಲಿ ನೆಂದಿದ್ರೆ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ ಇಡ್ಬೇಕು. ಅದೂ ಖಾಲಿ ಮಾಡಿದ್ಮೇಲೆ."

"ಶೀತಕ್ಕೆ ಊದ್ಕಂಡಿರೋ ತೋಟಾ?"

"ಅದನ್ನ ತುಂಬ್ಬಾರ್ದು. ಮನೇಲಿ ಬಿಚ್ಚಕ್ಕೂ ಹೋಗ್ಬಾರ್ದು. ಕೊಂಡ ಅಂಗಡಿಗೋ ಸ್ಟೇಷನ್ನಿಗೋ ತಿಳಿಸ್ಬೇಕು."

"ಎಲ್ಲಾ ಗೊತ್ತು ನಿಂಗೆ" ಅಂದರು ಬೆಟ್ಟಸ್ವಾಮಪ್ಪ. "ಆವತ್ತು ಮಾಡ್ದಾ?"

ಅಣ್ಣ ಟವಲ್ಲಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಹೇಳಿದರು.

"ಇಪ್ಪತ್ತಾರು ಗಂಟೆ ಆಗಿತ್ತು ಮಾವ, ಕಣ್ಣು ಮುಚ್ಚಿ. ಮನೆಗೆ ಬರೋವಾಗ, ಖಾಲಿ ಮಾಡಿದ್ನಾ ಅಂತ ಒಂದ್ಸಲ ಮನಸ್ಸಿಗೆ ಬಂತು. ಮಾಡ್ದೆ ಅನ್ನಿಸ್ತು. ಎರಡು ತೋಟಾ ಜೇಬಿಗೆ ಹಾಕಿದ್ದು ಕಣ್ಣಿಗೆ ಕಟ್ದಂಗಿತ್ತು. ಅದು ಹಿಂದಿನ ದಿನ ಮಾಡಿದ್ದು."

ಅತ್ತಿಗೆಯ ಕೈ ನಿಂತಿತು. ಎರಡು ತಿಂಗಳಲ್ಲಿ ಅಣ್ಣ ಈ ಮಾತು ಯಾರಿಗೂ ಹೇಳಿರಲಿಲ್ಲ. ಅತ್ತಿಗೆಗೂ ಹೇಳಿರಲಿಲ್ಲ.

"ನೋಡು ಕಾಂತರಾಜು" ಅಂದರು ಬೆಟ್ಟಸ್ವಾಮಪ್ಪ. "ಎಲೆಕ್ಷನ್ ಬಂದ್ರೆ ಜನ ತಂತಮ್ಮ ಗನ್ನ ಸ್ಟೇಷನ್ನಿಗೆ ತಂದು ಒಪ್ಪಿಸ್ತಿದ್ರು. 'ಖಾಲಿ ಸಾ' ಅಂತ ಕೊಡೋರು. ತೆಗೆದು ನೋಡಿದ್ರೆ ಗುಂಡು ತುಂಬೇ ಇರೋದು. ಸುಳ್ಳು ಹೇಳೋ ಜನ ಅಲ್ಲ ಅವ್ರು. ಖಾಲಿ ಅಂತ್ಲೇ ನಂಬಿರೋರು. ನಾನೇ ಒಂದ್ಸಲ ಖಾಲಿ ಅಂತ ರಿಜಿಸ್ಟರ್‌ನಲ್ಲಿ ಬರೆದಿದ್ದ ಗನ್ನಲ್ಲಿ ನನ್ನ ಜೊತೆಯೋನು ತೋಟಾ ಎತ್ತಿ ತೋರಿಸ್ದ. ಆವತ್ತು ನಾನೂ ಎರಡು ದಿನ ನಿದ್ದೆ ಕೆಟ್ಟಿದ್ದೆ. ಅವತ್ತಿಂದ ನಮ್ಮಲ್ಲಿ ಒಂದೇ ನಿಯಮ. ನಾನು ನೋಡ್ದೆ ಅಂದ್ರೆ ಸಾಲ್ದು. ತೆರೆದು ಇನ್ನೊಬ್ಬರಿಗೆ ತೋರಿಸ್ಬೇಕು. ಅವ್ರೂ ನೋಡಿ 'ಖಾಲಿ' ಅಂತ ಬಾಯಿಬಿಟ್ಟು ಹೇಳ್ಬೇಕು. ಅದಾದ ಮೇಲೇ ಬೀಗ."

"ನಾನು ಹೆಂಡ್ತಿಗೆ ತೋರಿಸ್ಬೇಕಿತ್ತಾ?"

"ಡ್ಯೂಟಿ ಜಾಗದಲ್ಲೇ ಖಾಲಿ ಮಾಡಿ ಜೊತೆಯೋರಿಗೆ ತೋರಿಸ್ಬೇಕಿತ್ತು. ಮನೆಗೆ ಬಂದ್ಮೇಲೆ ಇವಳಿಗೂ. ಮನೇಲಿ ಗನ್ ಇದ್ರೆ ಅದು ಖಾಲಿನಾ ಅಂತ ಕೇಳೋ ಹಕ್ಕು ಮನೆಯೋರಿಗೆಲ್ಲ ಅದೆ."

ಅಣ್ಣ ಇನ್ನೂ ಪೂರ್ತಿ ಒಪ್ಪಿರಲಿಲ್ಲ. "ಕೇಸು ಮುಗಿದು ಗನ್ ವಾಪಸ್ ಬಂದ್ರೆ ಕಂಪನಿಯೋರು ತಗೋತೀವಿ ಅಂದವ್ರೆ ಮಾವ. ಇನ್ಮೇಲೆ ಹುಷಾರಾಗಿರ್ತೀನಿ."

ಆಗ ಅತ್ತಿಗೆ ಮಾತಾಡಿದರು. ಜೋರಾಗೇನೂ ಅಲ್ಲ.

"ಇನ್ಮೇಲೆ ಡಬಲ್ ಡ್ಯೂಟಿ ಕೊಡಲ್ಲ ಅಂದವ್ರಾ?"

"ಅದೆಂಗೆ ಏಳಕ್ಕಾಯ್ತದೆ."

"ಅಂದ್ರೆ ಮತ್ತೆ ಇಪ್ಪತ್ತಾರು ಗಂಟೆ ಆಯ್ತದೆ. ನೀವು ಕೆಟ್ಟೋರು ಅಂತ ನಾನು ಒಂದು ದಿನಾನೂ ಅಂದಿಲ್ಲ ಕಣ್ರೀ. ನಿಮಗೆ ಸಾಕಾಗ್ಯದೆ. ನಂಗೂ ಸಾಕಾಗ್ಯದೆ. ನಮ್ಮಿಬ್ಬರ ಕೈಲೂ ಆ ಗನ್ ಕಾಯಕ್ಕಾಗಲ್ಲ."

ಅಣ್ಣ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು ಅತ್ತಿಗೆ ಪಕ್ಕ ಕೂತು, ಮೊರಕ್ಕೆ ಕೈ ಹಾಕಿ ಕಡಲೆಕಾಯಿ ಬಿಡಿಸೋಕೆ ಶುರು ಮಾಡಿದರು. "ಬ್ಯಾಡ ಬುಡು ಆ ಗನ್ನು" ಅಂದರು. ಅಷ್ಟೇ ಅಂದದ್ದು.

ಕೇಸು ಮುಗಿಯೋಕೆ ಹದಿನಾಲ್ಕು ತಿಂಗಳಾಯಿತು. ಅಣ್ಣ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರು. ಸ್ಟೇಷನ್ನಿಂದ ವಾಪಸ್ ಬರೋ ಬಂದೂಕನ್ನ ಊರಲ್ಲಿ ಕೇಳಿದವರು ಇದ್ದರು. ಹಂದಿ ಕಾಟಕ್ಕೆ ಬೇಕು, ಸುಮ್ಮನೆ ಕೊಟ್ಟುಬಿಡು ಅಂದರು. ಲೈಸೆನ್ಸ್ ಇಲ್ಲದವರ ಕೈಗೆ ಕೊಡೋದು ಅಪರಾಧ, ಆಗಲ್ಲ ಅಂತ ಅಣ್ಣ ಹೇಳಿದರು. ಬೆಟ್ಟಸ್ವಾಮಪ್ಪ ಜೊತೆಗಿದ್ದು ಅರ್ಜಿ ಬರೆಸಿದರು. ಅನುಮತಿ ತಗೊಂಡು ಲೈಸೆನ್ಸ್ ಇರೋ ಅಂಗಡಿಗೇ ಬಂದೂಕು ಒಪ್ಪಿಸಿ ರಸೀದಿ ಪಡೆದರು. ಲೈಸೆನ್ಸ್ ಪುಸ್ತಕವನ್ನೂ ಅದನ್ನ ಕೊಟ್ಟಿದ್ದ ಕಚೇರಿಗೇ ವಾಪಸ್ ಮಾಡಿದರು. ಇದಕ್ಕೆಲ್ಲ ಐದು ಸಲ ಓಡಾಟ. ಬೇಸರ ಆಯ್ತು, ಆದರೂ ಬಿಡಲಿಲ್ಲ.

ಈಗ ಅಣ್ಣ ಒಂದು ಕಾರ್ಖಾನೆ ಗೇಟಿನಲ್ಲಿ ವಾಚ್‌ಮನ್. ಕೈಯಲ್ಲಿ ಟಾರ್ಚು, ರಿಜಿಸ್ಟರು, ಅಷ್ಟೇ. ಸಂಬಳ ಕಡಿಮೆ. ಅತ್ತಿಗೆ ಮತ್ತೆ ಮೆಷಿನ್ನಿಗೆ ಕೂತಿದ್ದಾರೆ. ಪೆಡಲ್‌ಗೆ ಬಲಗಾಲು ಇಡ್ತಾರೆ. ಚಳಿ ಬಂದರೆ ಎಡಗಾಲು ನೋಯುತ್ತೆ. ಅಣ್ಣ ಬಿಸಿನೀರು ಕಾಯಿಸಿ ಕೊಡ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ತಾಲ್ಲೂಕಿನಲ್ಲಿ ಬೆಳೆ ಕಾಯೋಕೆ, ಬ್ಯಾಂಕ್ ಕಾಯೋಕೆ ಅಂತ ಲೈಸೆನ್ಸ್ ಬಂದೂಕು ಇಟ್ಟುಕೊಂಡವರು ಇದ್ದೀರಿ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ನಾನು ಹೇಳ್ತಿಲ್ಲ. ಇವತ್ತು ಮನೆಗೆ ಹೋಗಿ. ನಿಮ್ಮ ಬಂದೂಕು ತೆರೆದು, ಖಾಲಿ ಮಾಡಿ, ಇನ್ನೊಬ್ಬರಿಗೆ ತೋರಿಸಿ. ಗನ್ನಿಗೊಂದು ಬೀಗ, ತೋಟಾಕ್ಕೊಂದು ಬೀಗ ಹಾಕಿ. ಅದರ ರಿಪೇರಿ ಕಂಡಕಂಡವರ ಹತ್ತಿರ ಮಾಡಿಸಬೇಡಿ. ಲೈಸೆನ್ಸ್ ಇದ್ದವರು ತೀರಿಕೊಂಡಿದ್ದರೆ ಆ ಗನ್ನು ಅಟ್ಟದ ಮೇಲೆ ಉಳಿಯೋದು ಬೇಡ, ಸ್ಟೇಷನ್ನಿಗೆ ತಿಳಿಸಿ ಒಪ್ಪಿಸಿ. ಮನೆಯಲ್ಲಿ ಕುಡಿತ ಇದ್ದರೆ, ಯಾರದಾದರೂ ಮನಸ್ಸು ಕುಗ್ಗಿದ್ದರೆ, ಇವತ್ತೇ ಅದನ್ನ ಮನೆಯಿಂದ ಹೊರಗೆ ಭದ್ರವಾದ ಕಡೆ ಇರಿಸಿ. ಅದಕ್ಕೆ ದಾರಿ ಸ್ಟೇಷನ್ನಿನವರು ಹೇಳ್ತಾರೆ.

ತಪ್ಪಾಗೋದು ಗೊತ್ತಿಲ್ಲದವರಿಂದ ಮಾತ್ರ ಅಲ್ಲ. ಚೆನ್ನಾಗಿ ಗೊತ್ತಿರೋರಿಂದಲೂ ಆಗುತ್ತೆ, ಮೈ ಸೋತ ದಿನ. ನಾವೆಲ್ಲ ದುಡಿದು ಮೈ ಸೋತವರು. ನಮ್ಮಂಥವರ ಮನೆಯಲ್ಲಿ ಗುಂಡು ತುಂಬಿದ ಬಂದೂಕು ಒಂದು ಗಳಿಗೆಯೂ ಇರಬಾರದು.