ಕೊಳವೆಯೊಳಗಿನ ಮಂಜುಗಡ್ಡೆ

"ಹಿಮದ ಮೇಲೆ ಇಡಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ ನಿನಗೆ?"

ತುಕುಮ್ಮೆಕ್ ಮಾಪಕವನ್ನು ಕಿತ್ತುಕೊಂಡಳು. ತಡವಾಗಿತ್ತು. ಉಪ್ಪಿನಂಶ ಅಳೆಯುವ ಗಾಜಿನ ಕೊಳವೆಯಲ್ಲಿ ಉಳಿದಿದ್ದ ನೀರು ಆಗಲೇ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಕಡಲ ಮಂಜುಗಡ್ಡೆಯಲ್ಲಿ ಕೊರೆದ ಕಿಂಡಿಯ ನೀರಿನಲ್ಲಿ ಅದನ್ನೊಮ್ಮೆ ಅದ್ದಿ ತೆಗೆದ ಅವಳ ಅಣ್ಣ ಊಸಕ್ಕಾಕ್, ಒದ್ದೆಯಾದ ಚರ್ಮದ ಷರಾಯಿಯನ್ನು ಒಣಗಿಸುವ ಹಾಗೆ ಹಿಮದಲ್ಲಿ ಹೊರಳಿಸಿ ಇಟ್ಟಿದ್ದ. ಒಣ ಹಿಮ ನೀರು ಹೀರುತ್ತದೆಂದು ಇಲ್ಲಿನ ಮಕ್ಕಳು ನಡೆಯುವ ಮೊದಲೇ ಕಲಿಯುತ್ತವೆ. ಅವನು ಅದನ್ನು ಮರೆಯುವವನಲ್ಲ. ಮಾಪಕ ಷರಾಯಿಯಲ್ಲ ಎಂಬುದನ್ನು ಮಾತ್ರ ಪ್ರತಿ ವಸಂತದಲ್ಲೂ ಮರೆಯುತ್ತಿದ್ದ.

"ನೀರು ಒರೆಸಿದ್ದು ತಪ್ಪಾ?"

"ತೆಗೆದ ತಕ್ಷಣ ಬೆಚ್ಚಗಿನ ಚೀಲಕ್ಕೆ ಹಾಕು ಅಂದಿದ್ದೆ."

"ಸ್ಟೋವ್ ಹಚ್ಚಲಾ?"

"ಹಚ್ಚು. ಗಾಜು ಸಿಡಿದು ಹೋಗಲಿ. ಆಮೇಲೆ ನೀನೇ ನಾಲಿಗೆ ಹಾಕಿ ಉಪ್ಪು ನೋಡು."

ಪಡುವಣದ ಮೋಡದ ಹೊಟ್ಟೆ ಕಪ್ಪಾಗಿತ್ತು. ಅಲ್ಲಿ ಕಡಲು ಬಿರಿದು ನೀರು ಕಾಣಿಸಿದೆ ಎಂದರ್ಥ. ಗಾಳಿಯೂ ತಿರುಗಿತ್ತು.

"ನಾಳೆ ಬರೋಣ, ತಂಗಿ."

"ನಾಳೆ ಎಲ್ಲಿಗೆ ಬರ್ತೀಯ, ದೋಣಿ ತಗೊಂಡಾ? ಕಾಲ ಕೆಳಗಿನ ಗಡ್ಡೆ ಇವತ್ತೇ ಹೊರಟು ನಿಂತಿದೆ. ಅಪ್ಪನ ಕಾಲದಿಂದ ಈ ಜಾಗದ ಅಳತೆ ಒಂದು ವರ್ಷವೂ ತಪ್ಪಿಲ್ಲ. ನಿನ್ನ ದೆಸೆಯಿಂದ ತಪ್ಪೋದು ಬೇಡ."

ಅವನು ನಾಯಿಬಂಡಿಯ ಮೇಲೆ ಅಂಗಾತ ಮಲಗಿ, ತುಪ್ಪಳದ ಅಂಗಿಯನ್ನು ಎತ್ತಿ ಹೊಟ್ಟೆ ತೋರಿಸಿದ.

"ಇಡು."

ಅವಳು ಮಾಪಕವನ್ನಿಟ್ಟು ಅಂಗಿ ಮುಚ್ಚಿದಳು. ಅವನ ಉಸಿರು ಒಮ್ಮೆ ಸಿಕ್ಕಿಕೊಂಡಿತು.

"ಚಿಕ್ಕವಳಿದ್ದಾಗ ನಿನ್ನ ಪಾದ ಇಲ್ಲೇ ಇರ್ತಿತ್ತು," ಎಂದ, ಹಲ್ಲು ಕಚ್ಚಿಕೊಂಡು. "ಇಷ್ಟು ತಣ್ಣಗಿರಲಿಲ್ಲ. ಇಷ್ಟು ಬಯ್ಯುತ್ತಲೂ ಇರಲಿಲ್ಲ."

"ಮಾತು ಕಡಿಮೆ ಮಾಡು, ಶಾಖ ಹೋಗುತ್ತೆ."

ಕಿಂಡಿಯ ಮೇಲೆ ಮತ್ತೆ ಮತ್ತೆ ಕೆನೆಗಟ್ಟುತ್ತಿದ್ದ ಮಂಜನ್ನು ಅವಳು ಜಾಲರಿ ಸೌಟಿನಿಂದ ಬಾಚಿ ಎಸೆಯುತ್ತಿದ್ದಳು. ಮೊದಲ ಸಲ ಬಕೆಟ್ಟಿನ ಕಡಲ ನೀರಿನಲ್ಲಿ ಅದ್ದಿ ನೋಡಿದಾಗ ಮಾಪಕದ ಪರದೆ ಉಪ್ಪು ಸೊನ್ನೆ ಎಂದಿತು; ಕೊಳವೆಯೊಳಗಿನ ಗಡ್ಡೆ ಇನ್ನೂ ಕರಗಿರಲಿಲ್ಲ. ಅವಳು ಮಾಪಕವನ್ನು ಹಿಂದಕ್ಕೆ ಚಾಚಿದಳು. ಅವನು ಮತ್ತೆ ಅಂಗಿ ಎತ್ತಿದ. ದೂರದಲ್ಲಿ ಎಲ್ಲೋ ಗಡ್ಡೆ ಕುಯ್ಯೆಂದಿತು.

ಎರಡನೆಯ ಸಲ ಅಂಕಿ ಮೂಡಿತು. ಕಡಲಿಗೆ ತಕ್ಕ ಉಪ್ಪು.

ಅವಳು ಮಾಪಕವನ್ನು ಹಗ್ಗಕ್ಕೆ ಕಟ್ಟಿ ಕಿಂಡಿಯೊಳಗೆ ಇಳಿಬಿಟ್ಟಳು; ಮೀನು ಹಿಡಿಯಲು ಬಳಸುವ ಗಾಲಿಯಿಂದ ಹಗ್ಗ ಬಿಚ್ಚಿಕೊಳ್ಳತೊಡಗಿತು. ಗಾಲಿ ಹಿಡಿದಿದ್ದ ಊಸಕ್ಕಾಕನ ಅಂಗಿ ಇನ್ನೂ ಮೇಲೇ ಸಿಕ್ಕಿಕೊಂಡಿತ್ತು. ಹೊಟ್ಟೆಯ ಮೇಲೆ ಮಾಪಕದಷ್ಟೇ ಉದ್ದದ ಕೆಂಪು ಬರೆ.

"ಮುಚ್ಚಿಕೊಳ್ಳೋದಕ್ಕೂ ನಾನೇ ಹೇಳಬೇಕಾ?" ಎನ್ನುತ್ತ ಅವಳು ಅಂಗಿಯನ್ನು ಕೆಳಗೆಳೆದು, ಕೈಗವಸು ಕಳಚಿ, ಅಂಗೈಯನ್ನು ಅಂಗಿಯೊಳಗೆ ತೂರಿಸಿ ಆ ಬರೆಯ ಮೇಲೆ ಒತ್ತಿ ಹಿಡಿದಳು.

ನಾಯಿಗಳೆಲ್ಲ ಎದ್ದು ನಿಂತು ಪಡುವಣದತ್ತ ನೋಡುತ್ತಿದ್ದವು. ಹಗ್ಗ ಇನ್ನೂ ಇಳಿಯುತ್ತಿತ್ತು.