ನಲವತ್ತೆರಡನೆಯ ಚೀಟಿ

“ಹಾದಿ ಬಿಡ್ರಿಬೇ ಪುಕ್ಕಟ ರಂಡೇರ. ಗಾಲಿಗೆ ಸಿಕ್ಕ ಸತ್ತರ ಅದಕ್ಕೂ ಪರಿಹಾರ ಕೇಳವರು ನೀವು.”

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಇಷ್ಟು ಹೇಳಿ, ಬಸ್ಸನ್ನು ನಿಲ್ಲಿಸದೆ ಮುಂದಕ್ಕೆ ಹೊಡೆದ. ಕೈ ಅಡ್ಡ ಹಿಡಿದು ನಿಂತಿದ್ದ ಮಾದೇವಿಯ ಬಾಯಿಗೆ ಒಂದು ಹಿಡಿ ಧೂಳು ಬಿತ್ತು. ಆಕೆ ಅದನ್ನು ಉಗುಳಿ, “ಭಾಡ್ಯಾ, ನಿನ್ನ ಟಾಯರಿಗೆ ಜಾಲಿಮುಳ್ಳ ನೆಡಲಿ” ಎಂದು ಬಸ್ಸಿನ ಬೆನ್ನಿಗೆ ಹರಸಿದಳು. ಹಿಂಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ನೀಲಕಂಠ ಎಂದಿನಂತೆ ಎರಡು ಮಾರುದ್ದದ ಕಾಗದದ ಸುರುಳಿಯೊಂದನ್ನು ಹೊರಗೆಸೆದ. ಅದು ಬಿಚ್ಚಿಕೊಳ್ಳುತ್ತ ಹಾರಿ ಜಾಲಿ ಬೇಲಿಗೆ ಸಿಕ್ಕಿಕೊಂಡಿತು.

ಒಂಬತ್ತು ತಿಂಗಳಿಂದ ಇದೇ ಪದ್ಧತಿ. ಬಸ್ಸು ನಿಲ್ಲುವುದಿಲ್ಲ, ಸುರುಳಿ ಬೀಳುವುದು ತಪ್ಪುವುದಿಲ್ಲ. ಮಸರಿಹಾಳದ ಕೇರಿಯ ಹೆಂಗಸರು ಆ ಕಾಗದವನ್ನು ಆರಿಸಿ ತಂದು ಒಲೆ ಹೊತ್ತಿಸಲು ಇಟ್ಟುಕೊಳ್ಳುತ್ತಿದ್ದರು. ಬೆಂಕಿ ಹತ್ತಿರ ಹಿಡಿದರೆ ಸಾಕು, ಉರಿಯುವ ಮೊದಲೇ ಮೈಯೆಲ್ಲ ಕಪ್ಪಾಗುವ ವಿಚಿತ್ರ ಕಾಗದ. ಸರ್ಕಾರ ಕೇರಿಗೆ ತಪ್ಪದೆ ಮುಟ್ಟಿಸುತ್ತಿದ್ದ ಸವಲತ್ತು ಅದೊಂದೇ ಎಂದು ಅವರು ನಗುತ್ತಿದ್ದರು.

ಬೀಳಗಿ ಕಡೆಯಿಂದ ಬಂದು ಜಮಖಂಡಿ ಹಾಯ್ದು ಬನಹಟ್ಟಿಗೆ ಹೋಗುವ ಆ ಏಳೂ ಹದಿನೈದರ ಬಸ್ಸು ಕೇರಿಯ ಮುಂದೆ ಒಂದೇ ಒಂದು ನಿಮಿಷ ನಿಂತರೆ ಮಾದೇವಿಯ ಬಾಳು ಬೇರೆಯಾಗುತ್ತಿತ್ತು. ಬನಹಟ್ಟಿಯ ಮಗ್ಗದ ಓಣಿಯಲ್ಲಿ ಕಂಡಿಕೆ ಸುತ್ತಲು, ಅಂದರೆ ನೂಲನ್ನು ಕಡ್ಡಿಗೆ ಸುತ್ತಿಕೊಡಲು, ಕೈಗಳು ಬೇಕಾಗಿದ್ದವು. ಮೇಸ್ತ್ರಿ ಗುರುಸಿದ್ದ ಎಷ್ಟು ಹೆಂಗಸರು ಬಂದರೂ ಕೆಲಸ ಕೊಡುತ್ತೇನೆ ಎಂದಿದ್ದ. ಕೂಲಿ ಇಲ್ಲಿಯ ಒಂದೂವರೆ ಪಟ್ಟು, ತಲೆಯ ಮೇಲೆ ನೆರಳು, ಬೈಯುವವರಿಲ್ಲ. ಆದರೆ ಎಂಟೂವರೆಗೆ ಮಗ್ಗದ ಮುಂದೆ ಇರಬೇಕು. “ಸೋಮವಾರದ ತನಕ ಹಾದಿ ನೋಡ್ತೀನಿ, ಆಮ್ಯಾಲ ತೇರದಾಳದ ಮಂದೀನ್ನ ಇಟಗೋತೀನಿ” ಎಂದು ಹೇಳಿ ಕಳಿಸಿದ್ದ. ಇಂದು ಶುಕ್ರವಾರ.

ಇಲ್ಲಿಯ ಕೂಲಿ ಎಂದರೆ ಶಿದ್ರಾಮಪ್ಪ ಸಾವಕಾರನ ಕಬ್ಬಿನಲ್ಲಿ ಕಸ ತೆಗೆಯುವುದು. ಬಸ್ಸು ನಿಂತರೆ ತನ್ನ ಕಬ್ಬಿನಲ್ಲಿ ಕಸವೇ ನಿಲ್ಲುತ್ತದೆ ಎಂಬುದು ಸಾವಕಾರನಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಅದಕ್ಕೇ ಡ್ರೈವರನ ಮನೆಗೆ ಬೆಲ್ಲದ ಪೆಂಟೆ ಹೋಗುತ್ತಿತ್ತು, ಕಂಡಕ್ಟರನ ಮನೆಗೆ ಬಿಳಿಜೋಳ. ಶಾಸಕರ ನಿಧಿಯಿಂದ ಕೇರಿಯ ಮುಂದೆ ಕಟ್ಟಿದ ಬಸ್ ತಂಗುದಾಣದಲ್ಲಿ ಸಾವಕಾರನ ಎಮ್ಮೆಗಳಿಗೆ ಒಟ್ಟಿದ ಕಣಿಕೆ ಛಾವಣಿ ಮುಟ್ಟಿತ್ತು. ಗೋಡೆಯ ಮೇಲಿನ ಶಾಸಕರ ಚಿತ್ರದಲ್ಲಿ ಹಣೆ ಮಾತ್ರ ಕಾಣುತ್ತಿತ್ತು. ಪಾಪ, ಮೇವಿನೊಳಗೆ ಮುಳುಗಿದವರ ಹಾಗೆ.

ಹೆಂಗಸರು ಹೊಲ ಮುಟ್ಟಿದಾಗ ಸಾವಕಾರ ಬದುವಿನ ಮೇಲೆ ಬೈಕಿಗೆ ಒರಗಿ ನಿಂತಿದ್ದ.

“ಯಾಕಬೇ ಮಾದೇವಿ, ಇವತ್ತೂ ಬಸ್ಸ ನಿಲ್ಲಲಿಲ್ಲೇನ? ಕುಂಡಿ ತಿಕ್ಕೊಂಡ ಕುಂದರಾಕ ಸೀಟ ಬೇಕಂತ ಇವಕ್ಕ. ನಿಮ್ಮವ್ವ ನಮ್ಮ ಬಂಡಿ ಹಿಂದ ನಡಕೋತ ಬರ್ತಿದ್ಲು, ಸತ್ತಳೇನ?”

“ಸತ್ಲಲ್ರಿ ಸಾವಕಾರ್ರ, ನಿಮ್ಮ ಬಂಡಿ ಹಿಂದನ ಸತ್ಲು” ಎಂದಳು ಮಾದೇವಿ, ಕುರಪಿ ಹಿಡಿದು ಸಾಲಿಗೆ ಇಳಿಯುತ್ತ.

“ಬಾಯಿ ಬಾಳ ಆತು ನಿಂದು.”

“ಬಾಯೊಂದ ನಿಮ್ಮ ಕಡೆ ಕೂಲಿಗೆ ಹಚ್ಚಿಲ್ರಿ.”

ಹೆಂಗಸರು ಸೆರಗಿನಲ್ಲಿ ನಕ್ಕರು. ಸಾವಕಾರ ಬೈಕಿಗೆ ಒದ್ದು ಹೋದ.

ಮಧ್ಯಾಹ್ನ ರೊಟ್ಟಿ ಬಿಚ್ಚಿ ಕುಳಿತಾಗ ಸೌಂದರ್ಯಾ ಮೊಬೈಲು ಹಿಡಿದು ಬಂದಳು. ಅವಳು ಮಾದೇವಿಯ ತಂಗಿಯ ಮಗಳು. ಪಿಯುಸಿ ಮುಗಿಸಿ ಕುರಪಿ ಹಿಡಿದವಳು. ಹತ್ತು ತಿಂಗಳ ಹಿಂದೆ ತಂಗುದಾಣ ಉದ್ಘಾಟನೆಗೆ ಶಾಸಕರು ಬಂದಾಗ ಬಸ್ಸು ನಿಲ್ಲಿಸಿರೆಂದು ಅರ್ಜಿ ಬರೆದುಕೊಟ್ಟವಳೂ ಅವಳೇ. ಅದಕ್ಕೆ ಕೇರಿಯ ನಲವತ್ತೆರಡು ಹೆಂಗಸರು ಹೆಬ್ಬೆಟ್ಟು ಒತ್ತಿದ್ದರು.

“ದೊಡ್ಡವ್ವ, ನಮ್ಮ ಅರ್ಜಿ ವಿಧಾನಸಭಾದಾಗ ಹೋಗೇತಿ. ಶಾಸಕರು ಪ್ರಶ್ನೆ ಕೇಳ್ಯಾರ, ಸರ್ಕಾರ ಉತ್ತರ ಕೊಟ್ಟೇತಿ. ಗ್ರೂಪಿಗೆ ಹಾಕ್ಯಾರ ನೋಡ, ‘ನಿಮ್ಮ ದನಿ ಸದನದಲ್ಲಿ’ ಅಂತ. ಕೆಳಗ ಕೈ ಮುಗದಿದ್ದ ಚಿತ್ರ.”

“ಓದಬೇ, ಬಸ್ಸ ನಿಲ್ಲತೈತೇನ?”

ಸೌಂದರ್ಯಾ ಎದ್ದು ನಿಂತು ಸಾಲಿಯ ಪಾಠದಂತೆ ಓದಿದಳು. “ಮಸರಿಹಾಳ ಕಾಲೋನಿಯಲ್ಲಿ ಬಸ್ಸು ನಿಲ್ಲಿಸದೇ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಉತ್ತರ: ಬಂದಿರುವುದಿಲ್ಲ. ಸದರಿ ನಿಲುಗಡೆಯಲ್ಲಿ ಪ್ರತಿದಿನ ಬೆಳಿಗ್ಗೆ ಏಳು ಗಂಟೆ ಹದಿನೈದು ನಿಮಿಷಕ್ಕೆ ಬಸ್ಸನ್ನು ನಿಲ್ಲಿಸಲಾಗುತ್ತಿದ್ದು, ಕಳೆದ ಒಂಬತ್ತು ತಿಂಗಳುಗಳಿಂದ ಪ್ರತಿದಿನ ನಲವತ್ತೆರಡು ಮಹಿಳಾ ಪ್ರಯಾಣಿಕರು ಬನಹಟ್ಟಿಗೆ ಉಚಿತವಾಗಿ ಪ್ರಯಾಣಿಸಿರುತ್ತಾರೆ. ತಂಗುದಾಣವು ಸುಸ್ಥಿತಿಯಲ್ಲಿರುತ್ತದೆ. ಹಾಗಿದ್ದಲ್ಲಿ ಸರ್ಕಾರ ಕೈಗೊಳ್ಳುವ ಕ್ರಮವೇನು? ಉತ್ತರ: ಉದ್ಭವಿಸುವುದಿಲ್ಲ.”

ಸೌಂದರ್ಯಾ ಮೊಬೈಲು ಕೆಳಗಿಳಿಸಿದಳು.

“ನಾವು ದಿನಾ ಬನಹಟ್ಟಿಗೆ ಹೋಗಾಕತ್ತೇವಿ?” ಎಂದಳು ಮುದುಕಿ ಸಾಂವಕ್ಕ. “ಹೌದೇನವಾ, ನನಗ ಹೇಳಬಾರದ? ಒಂದ ಸೀರಿ ತರ್ತಿದ್ದೆ.”

ನಗೆ ಸಿಡಿಯಿತು. ಒಬ್ಬಳು ಬಸ್ಸಿನಲ್ಲಿ ತನಗೆ ಕಿಟಕಿ ಸೀಟೇ ಬೇಕೆಂದಳು. ಇನ್ನೊಬ್ಬಳು ತಿರುವಿನಲ್ಲಿ ತನಗೆ ವಾಂತಿ ಬರುತ್ತದೆ ಎಂದಳು. ನಗದೆ ಕುಳಿತವಳು ಮಾದೇವಿ ಒಬ್ಬಳೇ. ಆಕೆ ಬುತ್ತಿಗಂಟಿಗೆ ಸುತ್ತಿಕೊಂಡು ಬಂದಿದ್ದ ಬೆಳಗಿನ ಸುರುಳಿಯನ್ನು ಬಿಚ್ಚಿ ಕೊಟ್ಟಳು.

“ಇದರಾಗ ಏನ ಬರದೈತಿ ನೋಡ.”

ಸೌಂದರ್ಯಾ ಓದಿದಳು. ಮಸರಿಹಾಳ ಕಾಲೋನಿಯಿಂದ ಬನಹಟ್ಟಿ, ಮಹಿಳೆ ಒಂದು, ಸೊನ್ನೆ ರೂಪಾಯಿ. ಅದರ ಕೆಳಗೆ ಅದೇ. ಅದರ ಕೆಳಗೂ ಅದೇ. ಎಣಿಸಿದರು. ಸರಿಯಾಗಿ ನಲವತ್ತೆರಡು. ಅರ್ಜಿ ಮೇಲಿನಿಂದ ಡಿಪೋಗೆ ಇಳಿದಿತ್ತು. ಅಲ್ಲಿ ಬಸ್ಸು ನಿಲ್ಲಿಸುವ ಬದಲು ಚೀಟಿ ಹರಿಯುವುದು ಸುಲಭವೆಂದು ಯಾರಿಗೋ ಹೊಳೆದಿತ್ತು. ಹಿಂದಿನ ಊರಿನ ಚಹಾದಂಗಡಿಯಲ್ಲಿ ಚಹಾ ಆರುವಷ್ಟರಲ್ಲಿ ನೀಲಕಂಠ ಮಷೀನಿನ ಗುಂಡಿ ನಲವತ್ತೆರಡು ಸಲ ಒತ್ತಿ, ಕೇರಿ ಬಂದಾಗ ಹೊರಗೆಸೆಯುತ್ತಿದ್ದ. ಒಂಬತ್ತು ತಿಂಗಳು ಅವರು ತಮ್ಮ ಚೀಟಿಯನ್ನೇ ಒಲೆಗೆ ಹಾಕಿದ್ದರು.

“ನಾವು ನಾಲ್ವತ್ತೊಂದ ಮಂದಿ ಅದೇವಿ” ಎಂದಳು ಸಾಂವಕ್ಕ ಬೆರಳೆಣಿಸಿ. “ಇನ್ನೊಬ್ಬಾಕಿ ಯಾರು?”

ಎಲ್ಲರಿಗೂ ಗೊತ್ತಿತ್ತು.

ಯಮನವ್ವ ಮಾದೇವಿಯ ಪಕ್ಕದ ಮನೆಯವಳು, ಲಗಮಪ್ಪನ ಹೆಂಡತಿ. ಅರ್ಜಿಗೆ ಹೆಬ್ಬೆಟ್ಟು ಒತ್ತಿದಾಗ ಬಸುರಿ. ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಬೇನೆ ಹತ್ತಿತು. ಆಂಬುಲೆನ್ಸು ಬೇರೆ ಊರಿಗೆ ಹೋಗಿದೆ ಎಂದರು. ಮಾದೇವಿ ಅವಳನ್ನು ರಸ್ತೆಯ ಬೇವಿನ ಮರಕ್ಕೆ ಒರಗಿಸಿ ನಿಲ್ಲಿಸಿ ಬಸ್ಸಿಗೆ ಎರಡೂ ಕೈ ಮುಗಿದಳು. ಬಸ್ಸು ನಿಲ್ಲಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಸಿಕ್ಕು ಜಮಖಂಡಿ ಮುಟ್ಟುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಕೂಸೂ ಇರಲಿಲ್ಲ. ಆ ದಿನವೂ ನೀಲಕಂಠ ಸುರುಳಿ ಎಸೆದಿದ್ದ. ಅದು ಯಮನವ್ವನ ಕಾಲಿನ ಬಳಿಯೇ ಬಿದ್ದದ್ದು ಮಾದೇವಿಗೆ ಈಗ ನೆನಪಾಯಿತು.

“ಸೌಂದರ್ಯಾ, ಮೊಬೈಲಿನ್ಯಾಗಿನ ಆ ಸರ್ಕಾರದ ಉತ್ತರ ಜೆರಾಕ್ಸ ಮಾಡಿಸ್ಕೊಂಡ ಬಾ” ಎಂದಳು. “ಸರ್ಕಾರ ಸುಳ್ಳ ಹೇಳಬಾರದು. ನಾವು ಅದನ್ನ ಖರೆ ಮಾಡೂನು.”

ಶನಿವಾರ ಎಂಟು ಗಂಟೆಯಾದರೂ ಹೊಲಕ್ಕೆ ಒಂದು ಕುರಪಿಯೂ ಬರಲಿಲ್ಲ. ಸಾವಕಾರ ಬೈಕು ಹತ್ತಿ ಕೇರಿಗೆ ಬಂದ. ಕೇರಿಯೊಳಗೆ ಕಾಲಿಟ್ಟರೆ ಮೈಲಿಗೆ, ಅದಕ್ಕೆ ರಸ್ತೆಯಲ್ಲೇ ನಿಂತು ಕೂಗಿದ. ನಲವತ್ತೊಂದು ಹೆಂಗಸರು ಬೇವಿನ ಕಟ್ಟೆಯ ಮೇಲೆ ಇಬ್ಬಿಬ್ಬರಂತೆ ಸಾಲಾಗಿ, ಬಸ್ಸಿನ ಸೀಟಿನಲ್ಲಿ ಕುಳಿತಂತೆ ಕುಳಿತಿದ್ದರು. ಕೆಲವರು ತಲೆ ಬಾಚಿ ಹೂ ಮುಡಿದಿದ್ದರು.

“ಏನಬೇ, ಯಾರದರ ಮದವ್ಯಾನ? ಕಸಾ ಯಾರ ತಗೀಬೇಕು, ನಿಮ್ಮಪ್ಪ?”

ಯಾರೂ ತಿರುಗಿ ನೋಡಲಿಲ್ಲ. ಅವನು ಎರಡನೆಯ ಸಲ ಕೂಗಿದಾಗ ಮಾದೇವಿ ಪಕ್ಕದವಳಿಗೆ ಹೇಳಿದಳು, “ಹೊರಗ ಯಾರೋ ಒದರಾಕತ್ತಾರ. ಜಮಖಂಡಿ ಬಂತೇನ ನೋಡ.”

“ಇಲ್ಲ ಯಕ್ಕಾ, ಇನ್ನಾ ಹೊಳಿ ಸನೇಕ ಅದೇವಿ.”

ಸಾವಕಾರನ ಮುಖ ಕೆಂಪಾಯಿತು. “ಏ ಮಾದೇವಿ, ಕಿವಿ ಕೇಳ್ಸೂದಿಲ್ಲೇನ ನಿನಗ?”

“ಸಾವಕಾರ್ರ, ನಾವು ಇಲ್ಲಿಲ್ಲರಿ” ಎಂದಳು ಮಾದೇವಿ ಬಹಳ ವಿನಯದಿಂದ, ಜೆರಾಕ್ಸು ಎತ್ತಿ ತೋರಿಸಿ. “ಏಳೂ ಹದಿನೈದಕ್ಕ ಬಸ್ಸ ಹತ್ತೇವಿ. ಸರ್ಕಾರ ಬರದ ಕೊಟ್ಟೇತಿ. ನಾವು ಇಲ್ಲಿ ಅದೇವಿ ಅಂದ್ರ ಸರ್ಕಾರ ಸುಳ್ಳ ಆಗತೈತ್ರಿ. ನಿಮ್ಮಂಥಾ ದೊಡ್ಡವರು ಸರ್ಕಾರಕ್ಕ ಸುಳ್ಳ ಅನ್ನಬಾರದು.”

ಸಾವಕಾರ ಕಾಗದವನ್ನು ದೂರದಿಂದಲೇ ಓದಲು ಕಣ್ಣು ಕಿರಿದು ಮಾಡಿದ. ಮುಟ್ಟುವ ಹಾಗಿಲ್ಲ, ಕನ್ನಡಕವೂ ಇಲ್ಲ. “ಸೊಕ್ಕು ಬಂದೈತಿ ಹೊಲ್ಯಾರಿಗೆ. ನೋಡ್ತೀನಿ” ಎಂದು ಬೈಕು ತಿರುಗಿಸಿದ. ಅವನ ಬೋರಿನಿಂದ ಕೇರಿಗೆ ಬರುವ ನಳ ಅರ್ಧ ತಾಸಿನಲ್ಲಿ ಬಂದ್ ಆಯಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬುದು ಅವನ ಲೆಕ್ಕ.

ಶನಿವಾರ, ಭಾನುವಾರ ಎರಡು ದಿನ ಹೆಂಗಸರು ಎರಡು ಮೈಲಿಯಾಚೆಯ ಕಾಲುವೆಯಿಂದ ನೀರು ಹೊತ್ತರು. ಕೇರಿಯ ಗಂಡಸರೆಲ್ಲ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಬಾಡಗಂಡಿ ಕಡೆಗೆ ಹೋಗಿದ್ದರು. ಭಾನುವಾರ ಸಂಜೆ ಕೊಡ ಇಳಿಸಿದ ಸಾಂವಕ್ಕನ ಕುತ್ತಿಗೆ ತಿರುಗದಂತಾಗಿತ್ತು. “ಸಾಕ ಮಾಡಬೇ ಮಾದೇವಿ, ಹೋಗಿ ಕಾಲ ಹಿಡಿಯೂನು” ಎಂದಳು. ಮಾದೇವಿಗೂ ಹೆದರಿಕೆಯೇ. ನಾಳೆ ಬಸ್ಸು ತಪ್ಪಿದರೆ ಮಗ್ಗವೂ ಇಲ್ಲ, ಕಬ್ಬೂ ಇಲ್ಲ, ನೀರೂ ಇಲ್ಲ. ಆದರೂ ಅಂದಳು, “ಒಂದ ದಿನ ತಡಿ ಚಿಗವ್ವ. ನಾಳೆ ಕಾಲ ಹಿಡಿಯೂದ ಬ್ಯಾಡ, ಕಣಿಕಿ ಹಿಡಿಯೂನು.”

ಸೋಮವಾರ ಬೆಳಕು ಹರಿದಾಗ ನಲವತ್ತೊಂದು ಹೆಂಗಸರು ತಂಗುದಾಣಕ್ಕೆ ಕೈ ಹಚ್ಚಿದರು. ವರ್ಷಗಟ್ಟಲೆ ಸಾವಕಾರನ ಹೊಲದಲ್ಲಿ ಪಳಗಿದ ಕೈಗಳು. ಒಂದು ತಾಸಿನಲ್ಲಿ ತಂಗುದಾಣ ಬರಿದಾಯಿತು, ಕಣಿಕೆಯೆಲ್ಲ ಡಾಂಬರು ರಸ್ತೆಗೆ ಅಡ್ಡವಾಗಿ ಆಳೆತ್ತರ ನಿಂತಿತು. ಗೋಡೆಯ ಮೇಲೆ ಶಾಸಕರು ಹತ್ತು ತಿಂಗಳ ಮೇಲೆ ಮೊದಲ ಸಲ ಬಾಯಿ ತೋರಿಸಿ ನಕ್ಕರು.

ಏಳೂ ಹದಿನೈದಕ್ಕೆ ಬಸ್ಸು ಬಂತು. ಬೇರೆ ದಾರಿಯಿಲ್ಲದೆ ನಿಂತಿತು.

“ಯಾವ ಸೂಳೇಮಗಂದಲೇ ಈ ಕಣಿಕಿ?” ಎಂದು ಡ್ರೈವರ್ ಇಳಿದ.

“ಶಿದ್ರಾಮಪ್ಪ ಸಾವಕಾರ್ರದರಿ” ಎಂದಳು ಮಾದೇವಿ. “ಸರ್ಕಾರಿ ಗಾಡಿಗೆ ಅಡ್ಡ ಹಾಕ್ಯಾರ ನೋಡ್ರಿ, ಎಷ್ಟ ಧೈರ್ಯ.”

ಅವನು ಫೋನು ಹಚ್ಚುವಷ್ಟರಲ್ಲಿ ಹೆಂಗಸರು ಎರಡೂ ಬಾಗಿಲಿಂದ ಹತ್ತತೊಡಗಿದರು. ನೀಲಕಂಠ ಮೆಟ್ಟಿಲಲ್ಲಿ ಕೈ ಅಡ್ಡ ಇಟ್ಟ. “ಜಾಗಾ ಇಲ್ಲಬೇ. ಮುಂದಿನ ಗಾಡಿಗೆ ಬರ್ರಿ.”

“ಯಪ್ಪಾ, ನಾವು ಒಂಬತ್ತ ತಿಂಗಳದಿಂದ ಇದರಾಗ ಕುಂತೇವಿ” ಎಂದಳು ಮಾದೇವಿ. “ನಮ್ಮ ಸೀಟಿನ್ಯಾಗ ಕುಂತವರನ್ನ ಸ್ವಲ್ಪ ಸರಸು. ಚೀಟಿ ಮಾತ್ರ ಇವತ್ತ ಹೊರಗ ಒಗೀಬ್ಯಾಡ, ಕೈಯಾಗ ಕೊಡು.”

ನೀಲಕಂಠನ ಕೈ ತಾನಾಗಿಯೇ ಅಂಗಿಯ ಕಿಸೆ ಮುಚ್ಚಿಕೊಂಡಿತು. ಸುರುಳಿಯ ತುದಿ ಅಲ್ಲಿಂದ ಇಣುಕುತ್ತಿತ್ತು. ಸೌಂದರ್ಯಾ ಮೊಬೈಲು ಹಿಡಿದು ಅದರ ವಿಡಿಯೋ ಮಾಡುತ್ತ ನಿಂತಿದ್ದಳು. ಬಸ್ಸಿನಲ್ಲಿದ್ದ ಮಂದಿ ಎದ್ದು ನೋಡಿದರು. “ಹತ್ತೂಕಿಂತ ಮೊದಲ ಚೀಟಿ ಹೆಂಗ ಹರದಿ?” ಎಂದು ಯಾರೋ ಕೇಳಿದರು. ನೀಲಕಂಠ ಸುರುಳಿಯನ್ನು ಮಾದೇವಿಯ ಕೈಗಿತ್ತು ಪಕ್ಕಕ್ಕೆ ಸರಿದ.

ಸಾವಕಾರ ಬಂದು ರಸ್ತೆ ನೋಡಿ ಎದೆ ಬಡಿದುಕೊಂಡ. ಡ್ರೈವರ್, “ಮೊದಲ ಕಣಿಕಿ ತಗಸ್ರಿ, ಟೈಂ ಆತು, ಇಲ್ಲಂದ್ರ ಕಂಪ್ಲೇಂಟ ಕೊಡಬೇಕಾಕ್ಕೈತಿ” ಎಂದು ಗದರಿದ. ಬೆಲ್ಲದ ಪೆಂಟೆಯ ಸ್ನೇಹ ಅಲ್ಲಿಗೆ ಮುಗಿಯಿತು.

“ತಗೀರಿಬೇ, ಯಾರದೀರಿ ಅಲ್ಲಿ?” ಎಂದು ಸಾವಕಾರ ಕೇರಿಯತ್ತ ಕೂಗಿದ. ಕೇರಿಯಲ್ಲಿ ಕೂಸುಗಳು ಮತ್ತು ನಡೆಯಲಾರದ ಮುದುಕರು. ಆಳುಗಳೆಲ್ಲ ಬಸ್ಸಿನ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದರು. ಡ್ರೈವರ್ ಹಾರ್ನ್ ಒತ್ತಿ ಹಿಡಿದ. ಶಿದ್ರಾಮಪ್ಪ ಸಾವಕಾರ ಬಿಳಿ ಧೋತರವನ್ನು ಮೇಲೆತ್ತಿ ಕಟ್ಟಿ, ಹೊಲೆಯರ ಕೈ ಮುಟ್ಟಿದ ಕಣಿಕೆಯನ್ನು ಹೊರೆ ಹೊರೆಯಾಗಿ ಎದೆಗವಚಿಕೊಂಡು ರಸ್ತೆಯಂಚಿಗೆ ಹೊತ್ತ. “ಒಂದ ತುಸು ಎಡಕ್ಕ ಒಟ್ಟರಿ ಸಾವಕಾರ್ರ, ತಂಗುದಾಣದ ಬಾಗಲಾ ಬಿಟ್ಟು” ಎಂದು ಸಾಂವಕ್ಕ ಒಳಗಿನಿಂದ ಕೆಲಸ ಹೇಳಿದಳು. ಅವಳ ಕುತ್ತಿಗೆ ಈಗ ಚೆನ್ನಾಗಿ ತಿರುಗುತ್ತಿತ್ತು.

ಮಾದೇವಿ ಚೀಟಿಗಳನ್ನು ಒಂದೊಂದಾಗಿ ಹರಿದು ಹಂಚಿದಳು. ಸಾಂವಕ್ಕ ತನ್ನದನ್ನು ಎಲಡಿಕೆ ಚೀಲದಲ್ಲಿಟ್ಟಳು. ನಲವತ್ತೊಂದು ಮುಗಿದವು, ಕೈಯಲ್ಲಿ ಒಂದು ಉಳಿಯಿತು. ಮಾದೇವಿ ಅದನ್ನು ತನ್ನ ಪಕ್ಕದ ಕಿಟಕಿ ಸೀಟಿನ ಮೇಲೆ ಇಟ್ಟಳು. ಹತ್ತು ಹೆಂಗಸರು ನಿಂತೇ ಇದ್ದರು, ಆ ಸೀಟಿಗೆ ಒಬ್ಬಳೂ ಬರಲಿಲ್ಲ.

ಬಸ್ಸು ಹೊರಟಿತು. ನೀಲಕಂಠ ತಲೆ ಎಣಿಸುತ್ತ ಬಂದವನು ಖಾಲಿ ಸೀಟು ನೋಡಿ ತಾನೇ ಕೂರಲು ಬಾಗಿದ.

“ಅಲ್ಲಿ ಕುಂದರಬ್ಯಾಡ” ಎಂದಳು ಮಾದೇವಿ. “ಅದು ಯಮನವ್ವನ ಸೀಟ.”

“ಯಾವ ಯಮನವ್ವ? ಎಲ್ಲಿ ಅದಾಳ?”

“ನನಗೇನ ಕೇಳ್ತಿ? ಆಕಿ ಸತ್ತ ಏಳ ತಿಂಗಳಾತು, ದಿನಾ ಚೀಟಿ ಹರದ ಕರಕೊಂಡ ಹೋಗಾಂವ ನೀನ. ಎಲ್ಲಿ ಇಳಸಿದಿ ಹೇಳು.”

ನೀಲಕಂಠ ಬಾಗಿದವನು ಬಾಗಿದಂತೆಯೇ ನಿಂತ. ಕಿಟಕಿಯ ಗಾಳಿಗೆ ಚೀಟಿ ಹಾರಲು ನೋಡಿತು. ಮಾದೇವಿ ಅದರ ಮೇಲೆ ಅಂಗೈ ಒತ್ತಿ, ಬನಹಟ್ಟಿ ಬರುವ ತನಕ ತೆಗೆಯಲಿಲ್ಲ.