ಯಾರಿಗೂ ಕೊಡಬೇಡ ಅಂತ ಕೊಟ್ಟ ಸಿನಿಮಾ

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇರಬಹುದು. ಹೊಸ ಸಿನಿಮಾ ಬಂತು ಅಂದರೆ ಸಾಕು, ಜನ ಚಿತ್ರಮಂದಿರದ ದಾರಿ ಬಿಟ್ಟು ಪೆನ್‌ಡ್ರೈವ್ ಹಿಡಿದು ಇವರ ಬಾಗಿಲಿಗೆ ಬರುತ್ತಾರೆ. ಈ ಬೀದಿಯಲ್ಲಿ ಅಂಥವನು ಒಬ್ಬ ಬಡಗಿ. ಎಲ್ಲರ ಬಾಯಲ್ಲೂ ಅವನು ಸ್ಪೀಕರಣ್ಣ.

ಹೆಸರು ಸುಮ್ಮನೆ ಬಂದದ್ದಲ್ಲ. ಮಂಚ, ಬೀರು ಮಾಡಿ ಉಳಿದ ಹಲಗೆಯಲ್ಲಿ ತಾನೇ ಪೆಟ್ಟಿಗೆ ಕಟ್ಟಿ, ಸ್ಪೀಕರ್ ಕೂರಿಸಿ, ಹಿಂದಿನ ಕೋಣೆಯನ್ನೇ ಪುಟ್ಟ ಚಿತ್ರಮಂದಿರ ಮಾಡಿಕೊಂಡಿದ್ದ. ಸದ್ದು ಗೋಡೆಗೆ ಬಡಿದು ಕಲಸಿಹೋಗಬಾರದಲ್ಲ, ಅದಕ್ಕೆ ಗೋಡೆಗೆ ಹಳೆಯ ಕಂಬಳಿ ಹೊದಿಸಿದ್ದ. ನಡುವೆ ಒಂದೇ ಒಂದು ಕುರ್ಚಿ. ಎಲ್ಲ ದಿಕ್ಕಿನ ಸದ್ದೂ ಸರಿಯಾಗಿ ಬಂದು ಸೇರುವ ಜಾಗ ಅದು. ಉಳಿದವರಿಗೆ ಚಾಪೆ. ಪರದೆಯ ಕೆಳಗಿನ ಕಪ್ಪು ಡಬ್ಬಿಯಲ್ಲಿ ಅಂತರ್ಜಾಲದಿಂದ ಇಳಿಸಿಕೊಂಡ ಸಿನಿಮಾಗಳು ಕಿಕ್ಕಿರಿದಿದ್ದವು. ಒಂದಕ್ಕೂ ಅವನು ಕಾಸು ಬಿಚ್ಚಿದವನಲ್ಲ. ಹಂಚುವಾಗ ಯಾರ ಹತ್ತಿರವೂ ಕಾಸು ತೆಗೆದುಕೊಂಡವನೂ ಅಲ್ಲ, ಅದೇ ಅವನ ಹೆಮ್ಮೆ.

ಅವನ ತಂಗಿಗೆ ಅದೇ ಬೇಸರ. ಅವಳು ಸಿನಿಮಾದಲ್ಲೇ ಅನ್ನ ಕಂಡುಕೊಂಡವಳು. ಬೇರೆಯವರ ಚಿತ್ರಗಳಿಗೆ ಸದ್ದು ಜೋಡಿಸುತ್ತಿದ್ದವಳು ಈಗ ತನ್ನದೇ ಒಂದು ಚಿತ್ರ ಮಾಡುತ್ತಿದ್ದಳು.

"ಅಣ್ಣಾ, ಇದೆಲ್ಲ ಕದ್ದ ಮಾಲು ಕಣೋ."

"ಹೋಗೇ ಪುಟ್ಟಿ. ಕದಿಯೋದು ಅಂದ್ರೆ ಒಬ್ಬರ ಮನೆಯಿಂದ ವಸ್ತು ಹೋಗ್ಬೇಕು. ಇಲ್ಲಿ ಯಾರ ಮನೇಲಿ ಏನು ಕಡಿಮೆ ಆಯ್ತು? ಅವರ ಸಿನಿಮಾ ಅವರ ಹತ್ರಾನೇ ಇದೆ."

"ಸಿನಿಮಾ ಇದೆ, ದುಡ್ಡು ಕೊಟ್ಟು ನೋಡೋರು ಇಲ್ಲ. ನೀನು ಮಾಡಿದ ಕುರ್ಚಿ ಮೇಲೆ ಊರೆಲ್ಲ ಕೂತು, ಆಹಾ ಅಂತ ಹೊಗಳಿ, ಎದ್ದು ಹೋದ್ರೆ? ಕುರ್ಚಿ ನಿನ್ನ ಹತ್ರಾನೇ ಇರುತ್ತಲ್ಲ. ಸಂಜೆ ಅತ್ತಿಗೆ ಒಲೆ ಮೇಲೆ ಏನಿಡ್ತಾರೆ?"

ಅತ್ತಿಗೆ ಅಡುಗೆಮನೆಯಿಂದಲೇ, "ಕುರ್ಚಿ ಕಾಲನ್ನೇ ಬೇಯಿಸ್ತೀನಿ" ಅಂದಳು. ಮೂವರೂ ನಕ್ಕರು. ಮಾತು ಆ ನಗುವಿನಲ್ಲಿ ತೇಲಿಹೋಯಿತು. ತೇಲಿಹೋಗಬಾರದಿತ್ತು.

ಚಿತ್ರ ಮುಗಿಯಿತು. ಬಿಡುಗಡೆಗೆ ಮುಂಚೆ ಸದ್ದೆಲ್ಲ ಸರಿಯಿದೆಯೇ ಅಂತ ನಂಬಿಕಸ್ಥರ ಕಿವಿಗೆ ಕೇಳಿಸುವುದು ಆ ಕೆಲಸದ ಪದ್ಧತಿ. ತಂಗಿ ಮೊದಲು ಬಂದದ್ದು ಅಣ್ಣನ ಕೋಣೆಗೆ. ಅವನು ಅವಳನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ತಾನು ಚಾಪೆಯ ಮೇಲೆ ಕೂತ.

ಚಿತ್ರದಲ್ಲಿ ಒಬ್ಬ ಮುದುಕಿ ಬಾಗಿಲು ತೆರೆಯುತ್ತಾಳೆ. ದೂರದಲ್ಲೆಲ್ಲೋ ಯಾರೋ ಮರ ಹೆರೆಯುವ ಸದ್ದು. ಆಮೇಲೆ ಹಲಗೆಗೆ ಬೆರಳ ಗೆಣ್ಣಿನಿಂದ ಟಕ್ ಟಕ್. ಸ್ಪೀಕರಣ್ಣ ನೆಟ್ಟಗೆ ಕೂತ. ಹಲಗೆ ನುಣುಪಾದ ಮೇಲೆ ಹಾಗೆ ಎರಡು ಸಲ ತಟ್ಟುವುದು ಅವನದೇ ಚಾಳಿ.

"ಎಲಾ ಕಳ್ಳಿ! ನನ್ನ ಸದ್ದು ಯಾವಾಗ ಹಿಡ್ಕೊಂಡೆ?"

"ನಿನ್ನ ಪ್ರತಿಯಲ್ಲಿ ಮಾತ್ರ ಇದೆ ಅಣ್ಣ. ಕೇಳೋಕೆ ಕೊಡೋ ಒಂದೊಂದು ಪ್ರತಿಗೂ ಒಂದೊಂದು ಗುರುತು ಹಾಕ್ತೀವಿ, ಎಲ್ಲಾದ್ರೂ ಸೋರಿದ್ರೆ ಯಾರದ್ದು ಅಂತ ಗೊತ್ತಾಗ್ಲಿ ಅಂತ. ನಿನಗೆ ಖುಷಿ ಆಗ್ಲಿ ಅಂತ ಇದನ್ನೇ ಹಾಕಿದೆ. ಇನ್ನೊಂದು ಸಲ ಕೇಳಿ, ಎಲ್ಲಿ ಸರಿ ಇಲ್ಲ ಹೇಳು. ಆಮೇಲೆ ಅಳಿಸಿಬಿಡು."

ಖುಷಿಯಾಯಿತು. ಹೆಚ್ಚೇ ಆಯಿತು. ಖುಷಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಆಸಾಮಿಯಲ್ಲ ಅವನು. ಮರುದಿನವೇ ಪಕ್ಕದ ಮನೆಯ ದರ್ಜಿಯನ್ನು ಕರೆದು, ಆ ಜಾಗವನ್ನೇ ಮತ್ತೆ ಮತ್ತೆ ಹಾಕಿ ಕೇಳಿಸಿದ.

"ಅಣ್ಣ, ಇದನ್ನ ನಮ್ಮನೆಯವಳಿಗೂ ತೋರಿಸ್ಬೇಕು. ಕಾಲು ಉಳುಕಿಸ್ಕೊಂಡು ಕೂತಿದ್ದಾಳೆ, ಇಲ್ಲಿವರೆಗೆ ಬರೋಕಾಗಲ್ಲ. ಒಂದು ಪ್ರತಿ ಹಾಕ್ಕೊಡಿ."

"ಬೇಡ ಮಾರಾಯ, ಇದು ತಂಗೀದು."

"ನಿಮ್ಮ ತಂಗಿ ನನಗೂ ತಂಗಿ ಅಲ್ವಾ?"

ಇಲ್ಲ ಅನ್ನುವುದು ಸ್ಪೀಕರಣ್ಣನ ಬಾಯಿಗೆ ಬಾರದ ಮಾತು. ಕೊಟ್ಟ. ಯಾರಿಗೂ ಕೊಡಬೇಡ ಅಂತ ಹೇಳಿಯೇ ಕೊಟ್ಟ.

ದರ್ಜಿ ತನ್ನ ಭಾಮೈದನಿಗೆ ಕೊಟ್ಟ, ಯಾರಿಗೂ ಕೊಡಬೇಡ ಅಂದ. ಭಾಮೈದ ಕಾರ್ಖಾನೆಯ ಗೆಳೆಯನಿಗೆ ಕೊಟ್ಟ, ಅವನೂ ಹಾಗೇ ಅಂದ. ಯಾರೂ ಕೆಟ್ಟವರಲ್ಲ, ಒಬ್ಬೊಬ್ಬರೂ ಒಬ್ಬರಿಗೇ ಕೊಟ್ಟದ್ದು. ಕೊನೆಗೆ ಎಲ್ಲೋ ಯಾರೋ ಅದನ್ನು ಅಂತರ್ಜಾಲಕ್ಕೆ ಏರಿಸಿದರು.

ಬಿಡುಗಡೆಯ ಹಿಂದಿನ ದಿನ ಸ್ಪೀಕರಣ್ಣ ಕಟಿಂಗ್ ಶಾಪಿನಲ್ಲಿದ್ದ. ಕತ್ತಿನ ಸುತ್ತ ಬಟ್ಟೆ, ಕೆನ್ನೆ ತುಂಬ ನೊರೆ. ಹಿಂದಿನ ಬೆಂಚಿನಲ್ಲಿ ಗುರುತಿಲ್ಲದವನೊಬ್ಬ ಮೊಬೈಲ್ ನೋಡುತ್ತಿದ್ದ. ಮರ ಹೆರೆಯುವ ಸದ್ದು ಬಂತು. ಆಮೇಲೆ, ಟಕ್ ಟಕ್.

"ಅಲ್ಲಾಡ್ಬೇಡಿ ಅಣ್ಣ, ಕತ್ತಿ ತಗಲುತ್ತೆ" ಅಂದ ಕ್ಷೌರಿಕ. ಸ್ಪೀಕರಣ್ಣ ಆಗಲೇ ಹಿಂದೆ ತಿರುಗಿದ್ದ.

ಬಿಡುಗಡೆಯ ದಿನ ಚಿತ್ರಮಂದಿರದಲ್ಲಿ ಮುಂದಿನ ಸಾಲುಗಳು ಖಾಲಿ, ಹಿಂದಿನವೂ ಹೆಚ್ಚುಕಡಿಮೆ ಖಾಲಿ. ತಂಗಿ ಪರದೆ ಬಿಟ್ಟು ಬಾಗಿಲನ್ನೇ ನೋಡುತ್ತ ಕೂತಿದ್ದಳು. ಮನೆಗೆ ಬರುವಾಗ ಬೀದಿಯ ಹೆಂಗಸರು ಅವಳ ಕೈ ಹಿಡಿದು, "ಎಷ್ಟು ಚೆನ್ನಾಗಿ ಮಾಡಿದ್ದೀಯಮ್ಮ! ಮನೇಲೇ ಎರಡೆರಡು ಸಲ ನೋಡಿದ್ವಿ" ಅಂದರು. ಪ್ರೀತಿಯಿಂದಲೇ ಅಂದರು. ಅವಳು ತಲೆ ತಗ್ಗಿಸಿದಳು.

ವಾರ ತುಂಬುವ ಮೊದಲೇ ಚಿತ್ರ ಎತ್ತಂಗಡಿಯಾಯಿತು. ಅವಳ ಎರಡನೇ ಚಿತ್ರಕ್ಕೆ ಬಂಡವಾಳ ಹಾಕುತ್ತೇನೆ ಅಂದಿದ್ದವರು ಫೋನ್ ಎತ್ತುವುದನ್ನೇ ಬಿಟ್ಟರು.

ಅವಳು ಸೈಬರ್ ಠಾಣೆಗೆ ದೂರು ಕೊಟ್ಟಿದ್ದಳು. ಸೋರಿದ್ದು ಯಾರ ಪ್ರತಿ ಅಂತ ಅಲ್ಲಿ ಕೇಳಿದ್ದಕ್ಕೆ, ಗೊತ್ತಾಗುತ್ತಿಲ್ಲ ಅಂದಳಂತೆ. ಸ್ಪೀಕರಣ್ಣನಿಗೆ ಊಟ ಬಡಿಸುತ್ತ ಹೆಂಡತಿ ಅದನ್ನು ಹೇಳಿ, "ಅವಳೇ ಹಾಕಿದ ಸದ್ದು. ಅವಳಿಗೆ ಗೊತ್ತಾಗದೆ ಇರುತ್ತಾ ರೀ?" ಅಂದಳು. ಅವನು ತಟ್ಟೆ ಸರಿಸಿ ಎದ್ದ.

ಬೆಳಿಗ್ಗೆ ದರ್ಜಿಯನ್ನೂ ಕರೆದುಕೊಂಡು ಠಾಣೆಗೆ ಹೋದ.

"ತಂಗಿ ಕೊಟ್ಟ ಪ್ರತಿ ಸೋರಿದ್ದು ನನ್ನಿಂದ ಮೇಡಂ. ಆದ್ರೆ ಮಾರಲಿಲ್ಲ, ಪುಕ್ಕಟೆ ಕೊಟ್ಟೆ."

"ಮಾರಿದ್ರೂ ಅಷ್ಟೇ, ಪುಕ್ಕಟೆ ಹಂಚಿದ್ರೂ ಅಷ್ಟೇ" ಅಂದರು ಅಧಿಕಾರಿ. "ಮಾಡಿದವರ ಒಪ್ಪಿಗೆ ಇಲ್ಲದೆ ಪ್ರತಿ ಮಾಡಿ ಹಂಚೋದು ಅಪರಾಧ. ಅದಕ್ಕೆ ದಂಡವೂ ಇದೆ, ಜೈಲೂ ಇದೆ."

"ಏನಾದ್ರೂ ಆಗ್ಲಿ ಮೇಡಂ. ಅದನ್ನೆಲ್ಲ ಅಳಿಸಿಬಿಡೋಕಾಗಲ್ವಾ?"

"ತೆಗೆಸ್ತಾ ಇದ್ದೀವಿ. ಒಂದು ಕಡೆ ತೆಗೆಸಿದ್ರೆ ಇನ್ನೊಂದು ಕಡೆ ಏಳುತ್ತೆ. ನಿಮ್ಮ ಕೈಯಲ್ಲಿದ್ದಾಗ ತಡೆಯೋದು ಸುಲಭ ಇತ್ತು." ಅವನ ಮುಖ ನೋಡಿ ಅವರೇ ದನಿ ತಗ್ಗಿಸಿದರು. "ಸ್ಪೀಕರ್ ಕಟ್ಟಿ ಸಿನಿಮಾ ನೋಡೋದು ತಪ್ಪಲ್ಲ ಕಣ್ರೀ. ಡಿಸ್ಕ್ ಕೊಂಡು ನೋಡಿ, ಸಿನಿಮಾ ಆ್ಯಪ್‌ಗೆ ಚಂದಾ ಕಟ್ಟಿ ನೋಡಿ. ಯಾರು ಬೇಡ ಅಂತಾರೆ?"

ಕೇಸು ಇನ್ನೂ ನಡೆಯುತ್ತಿದೆ. ಸ್ಪೀಕರಣ್ಣ ಕಪ್ಪು ಡಬ್ಬಿಯನ್ನು ಠಾಣೆಗೇ ಒಪ್ಪಿಸಿದ. ಹೆಂಡತಿ ಚಂದಾ ಕಟ್ಟಿಸಿದ್ದಾಳೆ. ವರ್ಷದ ಚಂದಾಕ್ಕೆ ಒಂದು ಸೀರೆಯ ಖರ್ಚೂ ಆಗಲಿಲ್ಲವಲ್ಲ ರೀ, ಇಷ್ಟಕ್ಕೆ ಇಷ್ಟೆಲ್ಲ ಆಯಿತಾ ಅಂತ ಕಣ್ಣೊರೆಸಿಕೊಂಡಳು. ದರ್ಜಿ ಮನೆಮನೆಗೆ ಹೋಗಿ, ಆ ಸಿನಿಮಾ ಅಳಿಸಿಬಿಡಿ ಅಂತ ಕೈ ಮುಗಿದು ಬಂದ. ಬೀದಿಯವರು ಅಳಿಸಿದರು. ಬೀದಿಯಾಚೆ ಹೋದದ್ದನ್ನು ಅಳಿಸುವವರು ಯಾರು?

ತಂಗಿ ಮೊನ್ನೆ ಬಂದಿದ್ದಳು.

"ತಪ್ಪಾಯ್ತು ಪುಟ್ಟಿ."

"ಗೊತ್ತು ಅಣ್ಣ. ಬಸ್ಸಲ್ಲಿ ಯಾರದೋ ಫೋನಲ್ಲಿ ನಿನ್ನ ಟಕ್ ಟಕ್ ಕೇಳ್ತು. ಅವತ್ತೇ ಗೊತ್ತಾಯ್ತು."

ಅವಳು ಮತ್ತೆ ಬೇರೆಯವರ ಚಿತ್ರಕ್ಕೆ ಸದ್ದು ಜೋಡಿಸುತ್ತಿದ್ದಾಳೆ. ಚಹಾ ಕುಡಿದಳು, ಅತ್ತಿಗೆಯ ಜೊತೆ ನಕ್ಕಳು. ಹೊರಡುವಾಗ ಅವನು ಧೈರ್ಯ ಮಾಡಿ, "ಹೊಸದರ ಸದ್ದು ನಾನು ಕೇಳಿ ಹೇಳ್ಲಾ?" ಅಂದ.

"ಬೇಡ ಅಣ್ಣ. ಬೇರೆ ಕಡೆ ಕೇಳಿಸ್ತೀನಿ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅಂತ ಅವನು ಈಗಲೂ ಅನ್ನುತ್ತಾನೆ.

ನಡುವಿನ ಆ ಕುರ್ಚಿಯಲ್ಲಿ ಈಗ ಯಾರೂ ಕೂರುವುದಿಲ್ಲ. ಹಲಗೆ ಹೆರೆದು ಮುಗಿದಾಗ ಸ್ಪೀಕರಣ್ಣನ ಕೈ ತಾನಾಗಿ ಏಳುತ್ತದೆ, ತಟ್ಟದೆ ಇಳಿಯುತ್ತದೆ.

ಓದಿದವರೇ, ಕೇಳಿದವರೇ, ಒಂದು ದಿನ ನಿಮ್ಮ ಕೈಗೂ ಇಂಥದ್ದು ಬರುತ್ತದೆ. ಕೊಡುವವರು ನಿಮ್ಮವರೇ ಆಗಿರುತ್ತಾರೆ. ಯಾರಿಗೂ ಕೊಡಬೇಡ ಅಂತಲೂ ಹೇಳುತ್ತಾರೆ. ಆ ಚಿತ್ರದ ಹಿಂದೆಯೂ ಯಾರದೋ ತಂಗಿ ಬಾಗಿಲು ನೋಡುತ್ತ ಕೂತಿದ್ದಾಳೆ ಅಂತ ನೆನೆದು, ನನಗೂ ಬೇಡ ಅನ್ನಿ. ಟಿಕೆಟ್ ತೆಗೆದುಕೊಂಡು ಹೋಗಿ ಕೂರಿ, ಅವಳು ನೋಡುತ್ತಿರುವ ಆ ಬಾಗಿಲಿನಿಂದ ಒಳಗೆ ಬನ್ನಿ.